ರಾತ್ರಿ ಎರಡು ಗಂಟೆಯ ಸೋರಿಕೆ

ನಮ್ಮೂರಲ್ಲಿ ರಾತ್ರಿ ಒಂಬತ್ತೂವರೆಯ ಮೇಲೆ ಯಾರು ಏನು ಸದ್ದು ಮಾಡಿದರೂ ಅದು ಎಲ್ಲರ ಮನೆಯಲ್ಲೂ ಕೇಳಿಸುತ್ತದೆ. ಕೆಳಗಿನ ಕೇರಿಯಲ್ಲಿ ಚಮಚ ಬಿದ್ದರೆ ಮೇಲಿನ ಕೇರಿಯವರು ತಮ್ಮ ಅಡುಗೆಮನೆಗೆ ಹೋಗಿ ನೋಡಿಕೊಂಡು ಬರುತ್ತಾರೆ. ದೂರ, ಹತ್ತಿರ ಎಂಬುದಿಲ್ಲ. ಎಲ್ಲ ಸದ್ದೂ ಕಿವಿಯ ಪಕ್ಕದಲ್ಲೇ ಆದಂತಿರುತ್ತದೆ. ಬೆಳಿಗ್ಗೆ ಐದಕ್ಕೆ ಇದು ನಿಲ್ಲುತ್ತದೆ. ಹೊರಗಿನವರು ಈ ವಿಷಯ ಕೇಳಿ ಬೆರಗಾಗುತ್ತಾರೆ. ನಮಗೆ ಬೆರಗೇನೂ ಇಲ್ಲ, ಸ್ವಲ್ಪ ತೊಂದರೆ ಇದೆ ಅಷ್ಟೆ, ಕೆಲವು ಊರುಗಳಲ್ಲಿ ಸೊಳ್ಳೆ ಕಾಟ ಇರುವ ಹಾಗೆ.

ಬಾಗಿಲ ಕೀಲುಗಳಿಗೆ ಪ್ರತಿ ಶುಕ್ರವಾರ ಎಣ್ಣೆ ಬಿಡುತ್ತೇವೆ. ಗೊರಕೆ ಹೊಡೆಯುವವರು ಊರ ಗಡಿಕಲ್ಲಿನ ಆಚೆ ಇರುವ ಛತ್ರದಲ್ಲಿ ಹೋಗಿ ಮಲಗುತ್ತಾರೆ. ಹಸುಗೂಸಿನ ತಾಯಂದಿರು, ಕೂಸು ರಾತ್ರಿ ಅಳುವುದನ್ನು ಬಿಡುವವರೆಗೆ, ಗಡಿಯಾಚೆಯ ತೊಟ್ಟಿಲ ಕೇರಿಯಲ್ಲಿರುತ್ತಾರೆ. ಗಂಡಂದಿರು ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗಿ, ಮಗುವನ್ನು ಅರ್ಧ ಗಂಟೆ ಎತ್ತಿ ಆಡಿಸಿ, ತುಂಬ ಶಾಂತ ಸ್ವಭಾವದ ಮಗು ಎಂದು ಹೇಳಿ ವಾಪಸು ಬರುತ್ತಾರೆ. ಗಂಡ ಹೆಂಡಿರ ಜಗಳ ಒಂಬತ್ತೂಕಾಲಿಗೆ ನಿಂತು ಬೆಳಿಗ್ಗೆ ಐದೂಕಾಲಿಗೆ ಬಿಟ್ಟ ಮಾತಿನಿಂದಲೇ ಮುಂದುವರಿಯುತ್ತದೆ. ತೀರ ಅಗತ್ಯದ ಮಾತಿಗೆ ಪ್ರತಿ ಮಂಚದ ಪಕ್ಕದಲ್ಲೂ ಒಂದು ಸ್ಲೇಟು, ಒಂದು ಬಳಪ ಇರುತ್ತದೆ.

ಇಷ್ಟೆಲ್ಲ ಮಾಡಿಯೂ ಕೇಳಬಾರದ್ದು ಕೇಳಿಸುತ್ತದೆ. ಅದಕ್ಕೇ ಒಂದು ಕಟ್ಟುಪಾಡು ಇದೆ: ರಾತ್ರಿ ಕೇಳಿದ್ದನ್ನು ಹಗಲಲ್ಲಿ ಆಡಬಾರದು. ನಮ್ಮ ಪುರಸಭೆಯ ಅಧ್ಯಕ್ಷ ಜವರಪ್ಪನವರು ನಿದ್ದೆಯಲ್ಲಿ, ತೀರಿಹೋದ ತಮ್ಮ ತಾಯಿಯ ಹತ್ತಿರ, "ತಪ್ಪಾಯ್ತು ಕಣವ್ವ, ಹೊಡೀಬ್ಯಾಡ" ಎಂದು ಬೇಡಿಕೊಳ್ಳುವುದನ್ನು ಹದಿನಾಲ್ಕು ವರ್ಷದಿಂದ ಇಡೀ ಊರು ಕೇಳುತ್ತಿದೆ. ಆದರೆ ಅವರ ವಿರುದ್ಧ ಚುನಾವಣೆಗೆ ನಿಂತವರು ಕೂಡ ಆ ಮಾತನ್ನು ಎತ್ತಿದ್ದಿಲ್ಲ. ಅಷ್ಟರಮಟ್ಟಿಗೆ ನಾವು ಸಭ್ಯರು.

ನಾನು ಅದೇ ಪುರಸಭೆಯಲ್ಲಿ ಗುಮಾಸ್ತ, ಹೆಸರು ವಾಮದೇವ. ಸಭೆಯ ನಡವಳಿ ಬರೆಯುವುದು ನನ್ನ ಕೆಲಸ. ಆಡಿದ ಮಾತನ್ನು ಬಿಟ್ಟು, ಆಡಬೇಕಾಗಿದ್ದ ಮಾತನ್ನು ಬರೆಯುವುದರಲ್ಲಿ ಇಪ್ಪತ್ತಮೂರು ವರ್ಷದ ಅನುಭವ ಇದೆ. ನನ್ನ ಹೆಂಡತಿ ಕುಮುದಾ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಲಿಗೆ ಕಲಿಸುತ್ತಾಳೆ. ನಮಗೆ ಮಕ್ಕಳಿಲ್ಲ. ತೊಟ್ಟಿಲ ಕೇರಿಗೆ ಹೋಗುವ ಸರದಿ ಅವಳಿಗೆ ಬರಲೇ ಇಲ್ಲ. ಅದರ ಬಗ್ಗೆ ಅವಳು ಹಗಲಲ್ಲೂ ಮಾತಾಡಿದವಳಲ್ಲ, ಸ್ಲೇಟಿನಲ್ಲೂ ಬರೆದವಳಲ್ಲ.

ಹೋದ ವರ್ಷ ದಸರಾ ರಜೆಗೆ ಅವಳು ಪಕ್ಕದ ತಾಲ್ಲೂಕಿನ ತಂಗಿಯ ಮನೆಗೆ ಹೋದಳು. ವಾಪಸು ಬರುವಾಗ ಮಡಿಲಲ್ಲಿ ಟವೆಲು ಮುಚ್ಚಿದ ಒಂದು ಬಿದಿರ ಬುಟ್ಟಿ ಇತ್ತು. ಬಸ್ ಸ್ಟ್ಯಾಂಡಿನಿಂದ ಮನೆಯವರೆಗೂ ಅದನ್ನು ನನ್ನ ಕೈಗೆ ಕೊಡಲಿಲ್ಲ.

"ಏನೇ ಅದು?" ಎಂದೆ.

"ನಾಯಿಮರಿ."

"ನಮ್ಮೂರಲ್ಲಿ ಯಾರೂ ನಾಯಿ ಸಾಕಲ್ಲ ಅಂತ ಗೊತ್ತಿಲ್ವ ನಿಂಗೆ?"

"ಸಾಕಬಾರ್ದು ಅಂತ ಎಲ್ಲಾದ್ರೂ ಬರ್ದಿದೆಯಾ? ಬರೆಯೋರು ನೀವೇ ತಾನೆ, ಹೇಳಿ."

ಎಲ್ಲೂ ಬರೆದಿರಲಿಲ್ಲ. ಯಾರೂ ಮಾಡದ ಕೆಲಸವನ್ನು ಮಾಡಬೇಡಿ ಎಂದು ಯಾವ ಪುರಸಭೆಯೂ ಬರೆದಿಡುವುದಿಲ್ಲ.

ಟವೆಲು ತೆಗೆದರೆ ಎಂಟು ವಾರದ ಮರಿ. ಅಚ್ಚುಬೆಲ್ಲದ ಬಣ್ಣ. ಒಂದು ಕಿವಿ ನೆಟ್ಟಗಿತ್ತು, ಇನ್ನೊಂದು ಕಿವಿ ಇನ್ನೂ ಏನೂ ತೀರ್ಮಾನ ಮಾಡಿದಂತಿರಲಿಲ್ಲ. ಬುಟ್ಟಿಯಿಂದ ಇಳಿದದ್ದೇ ನನ್ನ ಚಪ್ಪಲಿ ಮೂಸಿ, ಅಕ್ಕಿಮೂಟೆ ಮೂಸಿ, ನಡುಮನೆಯ ಮಧ್ಯಕ್ಕೆ ಬಂದು ಉಚ್ಚೆ ಹೊಯ್ದಿತು. ಕುಮುದಾ ಹಳೆಯ ಬಟ್ಟೆಯಿಂದ ಒರೆಸಿ, "ಬೆಲ್ಲ ಅಂತ ಕರೆಯೋಣ" ಅಂದಳು. ಆಗ ಸಂಜೆ ಆರು ಗಂಟೆ. ಒಂಬತ್ತೂವರೆಗೆ ಇನ್ನೂ ಮೂರೂವರೆ ಗಂಟೆ ಇತ್ತು, ನಾವು ಸುಖವಾಗಿದ್ದೆವು.

ಒಂಬತ್ತು ಮೂವತ್ತೈದಕ್ಕೆ ದೀಪ ಆರಿಸಿದೆವು. ಒಂಬತ್ತು ಮೂವತ್ತಾರಕ್ಕೆ ಅದು ಅಳತೊಡಗಿತು. ನಾಯಿಮರಿಯ ಅಳು ಅಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಹಳೆಯ ಸೀರೆ ಹಾಸಿ ಮಲಗಿಸಿದ್ದೆವು. ಅಲ್ಲಿಂದ ಅದು ನಮ್ಮನ್ನಷ್ಟೇ ಅಲ್ಲ, ಮೂರು ಸಾವಿರದ ಇನ್ನೂರು ಮನೆಗಳನ್ನು ಕರೆಯುತ್ತಿತ್ತು. ನಾನು ಸ್ಲೇಟಿನ ಮೇಲೆ "ಏನಾಗಿದೆ ಇದಕ್ಕೆ?" ಎಂದು ಬರೆದೆ. ಅವಳು ಕೆಳಗೆ "ಅಮ್ಮನ ನೆನಪು" ಎಂದು ಬರೆದಳು. ನಾನು ಎರಡೂ ಸಾಲು ಒರೆಸಿ, ಬಳಪ ಹಿಡಿದುಕೊಂಡೇ ಕೂತೆ. ಹನ್ನೆರಡು ಹತ್ತಕ್ಕೆ ಅಳು ನಿಂತಿತು. ಆಗ ಊರಿನ ಬೇರೆ ಬೇರೆ ಮನೆಗಳಿಂದ ಬಿಟ್ಟ ನಿಟ್ಟುಸಿರುಗಳೆಲ್ಲ ಸೇರಿ ಗಾಳಿ ಬೀಸಿದಂತೆ ಕೇಳಿಸಿತು.

ಬೆಳಿಗ್ಗೆ ಯಾರೂ ಏನೂ ಅನ್ನಲಿಲ್ಲ. ಹಾಲಿನವನು ಕೆಂಪು ಕಣ್ಣಲ್ಲಿ ಹಾಲು ಹಾಕಿ ಹೋದ. ಪಕ್ಕದ ಮನೆಯ ಚೆಲುವಮ್ಮ ಕಾಂಪೌಂಡಿನ ಮೇಲಿಂದ ಇಣುಕಿ, ಬೆಲ್ಲ ತಮ್ಮ ಕಣ್ಣೆದುರೇ ಹಿಟ್ಟಿನ ಜರಡಿ ಎಳೆದುಕೊಂಡು ಓಡಾಡುತ್ತಿದ್ದರೂ ಅದನ್ನು ನೋಡದವರಂತೆ ಕುಮುದಾಳನ್ನು ಕರೆದರು. ಚೆಲುವಮ್ಮನಿಗೆ ಎಪ್ಪತ್ತೆರಡು ವರ್ಷ, ಆರು ಮಕ್ಕಳನ್ನು ಹೆತ್ತವರು.

"ನಮ್ ಸೋದರಮಾವನ ಊರಲ್ಲಿ ಯಾರೋ ಒಬ್ರು ನಾಯಿಮರಿ ತಂದಿದ್ರಂತೆ ಕಣವ್ವ" ಎಂದರು. "ಪಾಪ, ಅಡುಗೆಮನೇಲಿ ಒಂಟಿಯಾಗಿ ಮಲಗಿಸಿದ್ರಂತೆ. ಹಂಗೆ ಮಾಡಬಾರ್ದು. ಮಂಚದ ಪಕ್ಕದಲ್ಲೇ ಬುಟ್ಟೀಲಿ ಮಲಗಿಸಿ, ಒಂದು ಕೈ ಇಳಿಬಿಟ್ಕಂಡಿರಬೇಕು. ಬೆರಳು ಮೂಸ್ಕಂಡು ಮಲಗುತ್ತೆ. ಹುಟ್ಟಿದ್ದೆಲ್ಲಾ ಅಷ್ಟೇ, ಒಂದು ಬೆರಳು ಸಾಕು."

ಅವತ್ತಿಂದ ನಮ್ಮೂರಲ್ಲಿ ಎಷ್ಟು ಜನರ ಸೋದರಮಾವಂದಿರು ಎಷ್ಟು ಊರುಗಳಲ್ಲಿದ್ದಾರೆ ಎಂಬುದು ನನಗೆ ತಿಳಿಯಿತು. ಕಟ್ಟಿಂಗ್ ಮಾಡುವವನ ಸೋದರಮಾವನ ಊರಲ್ಲಿ ಮರಿಯ ಬುಟ್ಟಿಯಲ್ಲಿ ಬಟ್ಟೆ ಸುತ್ತಿದ ಟಿಕ್ ಟಿಕ್ ಗಡಿಯಾರ ಇಟ್ಟಿದ್ದರು. ಔಷಧಿ ಅಂಗಡಿಯವರ ಸೋದರಮಾವನ ಊರಲ್ಲಿ ಬಿಸಿನೀರಿನ ಬಾಟಲಿ. ಅಧ್ಯಕ್ಷ ಜವರಪ್ಪನವರು ನನ್ನನ್ನು ಛೇಂಬರಿಗೇ ಕರೆಸಿಕೊಂಡು ಬಾಗಿಲು ಹಾಕಿಸಿದರು.

"ನಮ್ಮ ಸೋದರಮಾವನ ಊರಲ್ಲಿ ಹೀಗೇ ಒಂದು ಕೇಸಾಗಿತ್ತು, ವಾಮದೇವಯ್ಯ. ಅಳ್ತು ಅಂತ ಎದ್ದು ಹೋಗಬಾರದು. ಮೂರು ದಿನ ಅಳೋಕೆ ಬಿಟ್ಟುಬಿಡಬೇಕು, ತಾನೇ ಕಲಿಯುತ್ತೆ. ಮಕ್ಕಳಾದ್ರೂ ಅಷ್ಟೇ. ನಾನು ನಾಲ್ಕು ಮಕ್ಕಳನ್ನ ಬೆಳೆಸಿದೀನಿ."

ಅವರ ನಾಲ್ಕು ಮಕ್ಕಳೂ ಅಳುವ ವಯಸ್ಸನ್ನು ತೊಟ್ಟಿಲ ಕೇರಿಯಲ್ಲೇ ಕಳೆದು ಬಂದವರು. ಅದನ್ನು ನೆನಪಿಸುವ ದರ್ಜೆ ನನ್ನದಲ್ಲ. ಆಗಲಿ ಸಾರ್ ಎಂದು ಬಂದೆ.

ಕುಮುದಾ ಚೆಲುವಮ್ಮನ ಮಾತು ಕೇಳಿದಳು. ಮಂಚದ ಪಕ್ಕ ಬುಟ್ಟಿ ಬಂತು. ಅವಳ ಕೈ ರಾತ್ರಿಯಿಡೀ ಕೆಳಗೆ ಇಳಿಬಿದ್ದಿರುತ್ತಿತ್ತು. ನಾಲ್ಕನೇ ರಾತ್ರಿ ಬೆಲ್ಲ ಎರಡು ಸಲ ಕುಂಯ್ ಅಂದು, ಅವಳ ಹೆಬ್ಬೆರಳಿಗೆ ಮೂಗು ತಾಗಿಸಿ ಮಲಗಿತು. ಅಳುವಿನ ಪ್ರಶ್ನೆ ಮುಗಿಯಿತು. ಉಳಿದದ್ದು ಉಚ್ಚೆಯ ಪ್ರಶ್ನೆ.

ದಿನಾ ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟರೆ ತಣ್ಣಗೆ ತಗಲುತ್ತಿತ್ತು. ಕುಮುದಾ ಸ್ಕೂಲಿನ ಟೈಮ್ ಟೇಬಲ್ಲಿನಂತೆಯೇ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದಳು. ರಾತ್ರಿ ಎಂಟರ ಮೇಲೆ ಮರಿಗೆ ನೀರಿಲ್ಲ. ಒಂಬತ್ತೂಕಾಲಿಗೆ ಹೊರಗೆ. ಎರಡಕ್ಕೆ ಹೊರಗೆ. ಐದಕ್ಕೆ ಹೊರಗೆ. ಪ್ರತಿ ಸಲವೂ ಅದೇ ಜಾಗ. ಆಟ ಇಲ್ಲ, ಮಾಡಿದ ಮೇಲೆ ತಲೆ ಸವರುವುದು. ಎರಡು ಗಂಟೆಯ ಪಾಳಿ ನನ್ನದು. ನಮ್ಮೂರಲ್ಲಿ ಅಲಾರಂ ಇಡುವಂತಿಲ್ಲವಾದ್ದರಿಂದ ಅವಳು ನನಗೆ ಮಲಗುವ ಮುಂಚೆ ಎರಡು ಚೊಂಬು ನೀರು ಕುಡಿಸುತ್ತಿದ್ದಳು. ಅದು ಅಲಾರಮ್ಮಿಗಿಂತ ನಿಖರವಾಗಿ ಕೆಲಸ ಮಾಡಿತು.

ಹೊರಗೆ ಬಂದ ಬೆಲ್ಲ ಆ ಒಂದು ಕೆಲಸ ಬಿಟ್ಟು ಮಿಕ್ಕೆಲ್ಲ ಮಾಡಿತು. ನನ್ನ ಪಂಚೆಯ ಅಂಚು ಜಗ್ಗಿತು, ಒಣಗಿದ ಎಲೆಯೊಂದನ್ನು ಅಟ್ಟಿಸಿಕೊಂಡು ಹೋಯಿತು, ಆಮೇಲೆ ಕೂತು ಚಂದ್ರನನ್ನು ನೋಡಿತು. ಒಳಗೆ ಕರೆತಂದ ಕೂಡಲೆ ದೇವರ ಕೋಣೆಯ ಹೊಸ್ತಿಲಲ್ಲಿ ಮುಗಿಸಿತು. ಮೂರು ರಾತ್ರಿ ಹೀಗಾದ ಮೇಲೆ ಕುಮುದಾ ಕಿಟಕಿಯಲ್ಲಿ ನಿಂತು, ಸ್ಲೇಟಿನ ಮೇಲೆ ಟಾರ್ಚು ಬಿಟ್ಟು ತೋರಿಸಿದಳು: "ಕೂಸುಗಳಿಗೆ ಅಂತಾರಲ್ಲ, ಹಾಗೆ ಶ್ ಅನ್ನಿ."

ನಾನು ಯಾವ ಕೂಸಿಗೂ ಹಾಗೆ ಅಂದವನಲ್ಲ. ಆದರೂ ಬಗ್ಗಿ, ಆದಷ್ಟು ಮೆಲ್ಲಗೆ, "ಶ್‌ಶ್‌ಶ್" ಎಂದೆ. ಬೆಲ್ಲ ತಲೆ ಓರೆ ಮಾಡಿ ನನ್ನ ಮುಖ ನೋಡಿತು. ಎರಡು ಸುತ್ತು ತಿರುಗಿತು. ಹಿಂಗಾಲು ಬಗ್ಗಿಸಿ ಕೂತು, ತುಂಬ ಹೊತ್ತು, ಅಚ್ಚುಕಟ್ಟಾಗಿ ಹೊಯ್ದಿತು.

ನಾನು ಅದರ ತಲೆ ಸವರುತ್ತಿರುವಾಗಲೇ ಯಾರದೋ ಮಂಚ ಕಿರುಗುಟ್ಟಿತು. ಇನ್ನೊಂದು ಮಂಚ. ಹವಾಯಿ ಚಪ್ಪಲಿಯ ಸದ್ದು, ಬಚ್ಚಲ ಚಿಲಕದ ಸದ್ದು, ಆಮೇಲೆ ನೀರು. ನಮ್ಮೂರಿನ ಪ್ರತಿಯೊಬ್ಬರನ್ನೂ ಹಸುಗೂಸಾಗಿದ್ದಾಗ ತೊಟ್ಟಿಲ ಕೇರಿಯಲ್ಲಿ ತಾಯಂದಿರು ಕಾಲ ಮೇಲೆ ಕೂರಿಸಿಕೊಂಡು ಅದೇ ಸದ್ದು ಮಾಡಿ ಅಭ್ಯಾಸ ಮಾಡಿಸಿದ್ದರು. ಅರವತ್ತು ವರ್ಷವಾದವರೂ ಆ ಪಾಠ ಮರೆತಿರಲಿಲ್ಲ. ಒಬ್ಬರು ಸುರಿದ ನೀರಿನ ಸದ್ದು ಕೇಳಿ ಇನ್ನೊಬ್ಬರು ಎದ್ದರು, ಅವರದ್ದು ಕೇಳಿ ಮತ್ತೊಬ್ಬರು. ನಮ್ಮ ಮನೆಯೊಳಗೆ ಜಲಪಾತದ ಕೆಳಗೆ ನಿಂತಂತಿತ್ತು. ನಾನೂ ತಡೆಯಲಾರದೆ ಬಚ್ಚಲಿಗೆ ಹೋದೆ. ಅಲ್ಲಿ ಕುಮುದಾ ಆಗಲೇ ಇದ್ದಳು.

ಅಂದಿನಿಂದ ಬೆಲ್ಲ ಕಲಿಯಿತು. ಆ ಸದ್ದು ಆದರೆ ಮಾಡುತ್ತದೆ, ಆಗದಿದ್ದರೆ ಇಲ್ಲ. ಊರೂ ಹಾಗೇ ಕಲಿಯಿತು.

ಎಂಟು ದಿನ ಕಳೆಯಿತು. ಪಂಪ್ ಹೌಸಿನ ಖಾದರ್ ಸಾಹೇಬರು ತಮ್ಮ ಪುಸ್ತಕ ಹಿಡಿದು ಪುರಸಭೆಯ ಸಭೆಗೆ ಬಂದರು. ಮೂವತ್ತು ವರ್ಷದಿಂದ ಊರಿಗೆ ನೀರು ಬಿಡುತ್ತಿರುವ ಮನುಷ್ಯ, ಮಾತು ಕಮ್ಮಿ. ಅಧ್ಯಕ್ಷರು ಓದಲು ಹೇಳಿದಾಗ ಎದ್ದು ನಿಂತು ಓದಿದರು: "ರಾತ್ರಿ ಎರಡು ಗಂಟೆ, ಟ್ಯಾಂಕ್ ಮುಕ್ಕಾಲು. ಎರಡು ಇಪ್ಪತ್ತು, ಟ್ಯಾಂಕ್ ಖಾಲಿ. ಎಂಟು ದಿನವೂ ಹೀಗೇ. ಕಾರಣ: ಗೊತ್ತಿದೆ, ಬರೆಯುವಂತಿಲ್ಲ."

ಸಭೆಯಲ್ಲಿ ಹದಿನೇಳು ಸದಸ್ಯರಿದ್ದರು. ಹದಿನೇಳೂ ಜನ ಫ್ಯಾನು ನೋಡಿದರು.

"ಎರಡು ಗಂಟೆಗೆ ಜನಕ್ಕೆ ಅದೇನೋ ಒಂಥರಾ ಪ್ರೇರಣೆ ಆಗ್ತಿದೆ ಅಂತ ಕಾಣುತ್ತೆ" ಎಂದರು ಒಬ್ಬ ಸದಸ್ಯರು.

"ಪ್ರೇರಣೆ ಅಂತ ನಡವಳೀಲಿ ಬರೆಯೋಕಾಗಲ್ಲ" ಎಂದರು ಜವರಪ್ಪನವರು. "ಸೋರಿಕೆ ಅಂತ ಬರೀರಿ ವಾಮದೇವಯ್ಯ."

ಸೋರಿಕೆ ಎಂದು ಬರೆದೆ. ನೋಡಿದರೆ ಅದು ಸುಳ್ಳೂ ಅಲ್ಲ. ಪೈಪು ಎಲ್ಲಿ ಒಡೆದಿದೆ ಎಂದು ಅಗೆದು ನೋಡಲು ಇಂಜಿನಿಯರಿಗೆ ಆದೇಶವಾಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಹದಿನೈದು ದಿನದೊಳಗೆ ಪರಿಸ್ಥಿತಿ ಸುಧಾರಿಸದಿದ್ದರೆ "ಇತ್ತೀಚೆಗೆ ಊರೊಳಗೆ ಆಗಿರುವ ಹೊಸ ಸೇರ್ಪಡೆಗಳನ್ನು" ಗಡಿಕಲ್ಲಿನ ಆಚೆಗೆ ಸಾಗಿಸತಕ್ಕದ್ದು ಎಂದು ಇನ್ನೊಂದು ಸಾಲು ಸೇರಿಸಿದರು. ಅದನ್ನು ಹೇಳುವಾಗ ಅಧ್ಯಕ್ಷರು ನನ್ನ ಕಡೆ ನೋಡಲಿಲ್ಲ. ನಾನೂ ಪುಸ್ತಕದಿಂದ ತಲೆ ಎತ್ತಲಿಲ್ಲ. ನನ್ನ ಮನೆಯ ಮರಿಯನ್ನು ಊರು ಬಿಡಿಸುವ ಠರಾವನ್ನು ನನ್ನದೇ ದುಂಡು ಅಕ್ಷರದಲ್ಲಿ, ಒಂದೂ ಚಿತ್ತುಕಾಟು ಇಲ್ಲದೆ ಬರೆದೆ.

ಸಂಜೆ ಹೋಗಿ ಕುಮುದಾಳಿಗೆ ಹೇಳಿದೆ. ಅವಳು ಬೆಲ್ಲದ ಕತ್ತಿಗೆ ಹಳೆಯ ರವಿಕೆಯ ಬಟ್ಟೆಯಿಂದ ಪಟ್ಟಿ ಹೊಲಿಯುತ್ತಿದ್ದಳು. ಮೆಶಿನ್ ತುಳಿಯುವುದನ್ನು ನಿಲ್ಲಿಸಲಿಲ್ಲ.

"ಆಚೆ ಕಳಿಸೋದಾದ್ರೆ ನಾನೂ ಅದರ ಜೊತೆ ಹೋಗ್ತೀನಿ. ತೊಟ್ಟಿಲ ಕೇರೀಲಿ ರೂಮು ಖಾಲಿ ಇರುತ್ತೆ."

"ಅದು ಬಾಣಂತಿಯರಿಗೆ ಕಣೇ."

"ಯಾರು ಬಂದು ಕೇಳ್ತಾರೆ ನೋಡೋಣ. ನೀವು ಭಾನುವಾರ ಬಂದು ಹೋಗಿ."

ಅವಳು ತಮಾಷೆ ಮಾಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ನನ್ನ ಜೊತೆಗಿದ್ದು ಏನನ್ನೂ ಕೇಳದ ಹೆಂಗಸು. ಅವಳ ಬೆನ್ನ ಹಿಂದೆ ನಿಂತಿದ್ದ ನನಗೆ, ಆ ಠರಾವಿನಲ್ಲಿ ಒಂದು ಕಾಟಾದರೂ ಹೊಡೆಯಬಹುದಿತ್ತು ಅನ್ನಿಸಿತು.

ಅಂದಿನಿಂದ ಸದ್ದಿಲ್ಲದೆ ಕಲಿಸುವ ಪ್ರಯತ್ನ. ಶ್ ಅನ್ನುವ ಬದಲು ತುಟಿ ಮಾತ್ರ ಮುಂದೆ ಮಾಡಿದೆ. ಬೆಲ್ಲ ಅದನ್ನು ನೆಕ್ಕಿತು. ಬಚ್ಚಲಲ್ಲಿ ಹಳೆಯ ಪೇಪರು ಹಾಸಿದೆವು. ಅದು ಪೇಪರನ್ನು ಎಳೆದು ನಡುಮನೆಗೆ ತಂದು, ಪೇಪರಿನ ಪಕ್ಕದಲ್ಲಿ ಮಾಡಿತು. ಹೊರಗೆ ಒಂದು ಗಂಟೆ ಮಂಜಿನಲ್ಲಿ ಕಾದು ನಿಂತೆ. ನನಗೆ ನೆಗಡಿಯಾಯಿತು, ಸೀನು ಬಂತು. ಇಡೀ ಊರು ಬೆಚ್ಚಿ ಎದ್ದಿತು. ಕೊನೆಗೆ ಆರನೇ ದಿನ ಸೋತು ಮತ್ತೆ ಶ್ ಎಂದೆ.

ಈ ಮಧ್ಯೆ ಇಂಜಿನಿಯರ್ ಅಗೆತ ಶುರು ಮಾಡಿದರು. ಮೊದಲ ಗುಂಡಿ ನಮ್ಮ ಮನೆಯ ಮುಂದೆಯೇ ಆಯಿತು. ಸೋರಿಕೆ ಎಲ್ಲಿಂದ ಎಂದು ಅವರಿಗೂ ಗೊತ್ತಿತ್ತಲ್ಲ. ಆಳುದ್ದ ಅಗೆದರೂ ಪೈಪು ಗಟ್ಟಿಮುಟ್ಟಾಗಿತ್ತು. ಆಮೇಲೆ ಶಾಸ್ತ್ರಕ್ಕೆ ಇನ್ನೂ ಆರು ಕಡೆ ಅಗೆದರು. ಏಳನೆಯದು ಜವರಪ್ಪನವರ ಮನೆಯ ಹಿಂದಿನ ಓಣಿಯಲ್ಲಿ. ಎಲ್ಲೂ ಏನೂ ಸಿಗಲಿಲ್ಲ.

ಆದರೆ ನಮ್ಮ ಮನೆಯ ಮುಂದೆ ಕೆಂಪು ಮಣ್ಣಿನ ಒಂದು ಗುಡ್ಡೆ ಬಿತ್ತು. ಮೆತ್ತಗಿನ, ಹಸಿ ವಾಸನೆಯ ಮಣ್ಣು. ಅವತ್ತು ರಾತ್ರಿ ಎರಡಕ್ಕೆ ಬೆಲ್ಲ ಹೊರಗೆ ಬಂದದ್ದೇ ಗುಡ್ಡೆ ಹತ್ತಿ, ಮೂಸಿ, ಮುಂಗಾಲಿನಿಂದ ಸ್ವಲ್ಪ ಕೆದರಿ, ನಾನು ತುಟಿ ಕೂಡ ಅಲುಗಿಸದೆ ಇರುವಾಗ, ಅಲ್ಲೇ ಹೊಯ್ದಿತು. ಮಣ್ಣು ಸದ್ದಿಲ್ಲದೆ ಹೀರಿಕೊಂಡಿತು. ಊರು ಮಲಗಿತ್ತು. ಕಿಟಕಿಯಲ್ಲಿ ಕುಮುದಾ ಎರಡೂ ಕೈ ಬಾಯಿಗೆ ಮುಚ್ಚಿಕೊಂಡು ನಿಂತಿದ್ದಳು.

ಐದು ರಾತ್ರಿ ಹೀಗೇ ಆಯಿತು. ಟ್ಯಾಂಕು ತುಂಬಿಯೇ ಉಳಿಯಿತು. ಸೋರಿಕೆಯನ್ನು ತಡೆದದ್ದಕ್ಕಾಗಿ ಇಂಜಿನಿಯರಿಗೂ ಅಧ್ಯಕ್ಷರಿಗೂ ಪುರಭವನದಲ್ಲಿ ಶಾಲು ಹೊದಿಸಿದರು. ಏಳೂ ಗುಂಡಿಗಳನ್ನು ಮುಚ್ಚಿ ಕಾಮಗಾರಿ ಪೂರ್ಣಗೊಳಿಸಲಾಗಿದೆ ಎಂದು ನಾನು ಬರೆದೆ, ಅವರು ಸಹಿ ಮಾಡಿದರು. ಗುಂಡಿಗಳು ಹಾಗೇ ಬಾಯಿ ತೆರೆದುಕೊಂಡಿದ್ದವು. ಅದನ್ನು ನಾನು ಯಾರ ಗಮನಕ್ಕೂ ತರಲಿಲ್ಲ. ಗುಂಡಿ ಮುಚ್ಚಿದರೆ ಗುಡ್ಡೆ ಹೋಗುತ್ತದೆ.

ಆರನೇ ರಾತ್ರಿ ತಪ್ಪು ನನ್ನದೇ. ತಿಂಗಳಿಂದ ಅರೆನಿದ್ದೆ. ಬೆಲ್ಲದ ಹಗ್ಗ ಕೈಗೆ ಸುತ್ತಿಕೊಂಡು ಜಗಲಿಯ ಮೇಲೆ ಕೂತವನು, ಗೋಡೆಗೆ ತಲೆ ಕೊಟ್ಟದ್ದಷ್ಟೇ ನೆನಪು. ಎಚ್ಚರವಾದಾಗ ಹಗ್ಗ ಇತ್ತು, ತುದಿಯಲ್ಲಿ ರವಿಕೆ ಬಟ್ಟೆಯ ಪಟ್ಟಿ ಇತ್ತು, ಮರಿ ಇರಲಿಲ್ಲ. ಆಗಲೇ ಅಳು ಕೇಳಿಸಿತು. ಕುಂಯ್‌ಗುಡುವ, ಹೆದರಿದ ಅಳು, ನನ್ನ ಎಡಗಿವಿಯ ಪಕ್ಕದಲ್ಲೇ. ತಿರುಗಿ ನೋಡಿದೆ. ಜಗಲಿಯ ಕೆಳಗೆ ನೋಡಿದೆ. ಗುಡ್ಡೆಯ ಹಿಂದೆ, ಗುಂಡಿಯೊಳಗೆ ಟಾರ್ಚು ಬಿಟ್ಟು ನೋಡಿದೆ. ಇಲ್ಲ. ಒಳಗೆ ಓಡಿದೆ. ಕುಮುದಾ ಎದ್ದು ಮಂಚದ ಕೆಳಗೆ ಬಗ್ಗಿ ಹುಡುಕುತ್ತಿದ್ದಳು. ಅಳು ಅಲ್ಲೂ ಅಷ್ಟೇ ಹತ್ತಿರದಲ್ಲಿತ್ತು. ಅದು ಊರಿನ ಯಾವ ಮೂಲೆಯಲ್ಲಿ ಬೇಕಾದರೂ ಇರಬಹುದಿತ್ತು. ಮೂರು ಸಾವಿರದ ಇನ್ನೂರು ಮನೆಗಳ ಪ್ರತಿ ಮಂಚದ ಕೆಳಗೂ ಬೆಲ್ಲ ಅಳುತ್ತಿತ್ತು.

ನಾನು ಸ್ಲೇಟು ಹುಡುಕಿದೆ. ಕುಮುದಾ ಅದನ್ನು ಕೈಯಿಂದ ಕಿತ್ತು ಪಕ್ಕಕ್ಕೆಸೆದು, ಹೊರಗೆ ಬೀದಿಯ ಮಧ್ಯ ನಿಂತು ಕೂಗಿದಳು.

"ಬೆಲ್ಲಾ, ಎಲ್ಲಿದೀಯೋ? ಬೆಲ್ಲಾ."

ನಮ್ಮೂರಲ್ಲಿ ರಾತ್ರಿ ಹೊತ್ತು ಬೇಕೆಂದು ಯಾರಾದರೂ ಬಾಯಿ ತೆರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಒಂದು ಕ್ಷಣ ಎಲ್ಲ ಸ್ತಬ್ಧ. ಬೆಲ್ಲ ಕೂಡ ಅಳು ನಿಲ್ಲಿಸಿತು. ಆಮೇಲೆ ಚೆಲುವಮ್ಮನ ದನಿ ಬಂತು: "ನಮ್ ಹಿತ್ತಲಲ್ಲಿಲ್ಲ ಕಣವ್ವ, ನೋಡ್ದೆ."

ಅಲ್ಲಿಗೆ ಕಟ್ಟೆ ಒಡೆಯಿತು. "ನಮ್ಮ ಮಂಚದ ಕೆಳಗೂ ಇಲ್ಲ." "ನಮ್ಮ ಬಚ್ಚಲಲ್ಲಿಲ್ಲ, ಒಲೆಯೊಳಗೂ ನೋಡಿದ್ವಿ." "ನಮ್ಮ ಅಂಗಡಿ ಶಟರ್ ತೆಗೀತಿದೀನಿ, ಸ್ವಲ್ಪ ಸದ್ದಾಗುತ್ತೆ, ಕ್ಷಮಿಸಿ." ಯಾರು ಎಲ್ಲಿದ್ದಾರೋ, ಎಲ್ಲರೂ ಒಂದೇ ನಡುಮನೆಯಲ್ಲಿ ಕೂತು ಮಾತಾಡಿದಂತಿತ್ತು.

"ಗುಂಡಿಗಳಲ್ಲಿ ನೋಡಿದ್ರಾ?" ಎಂದರು ಯಾರೋ.

"ಗುಂಡಿ ಮುಚ್ಚಿಸಿದೀವಲ್ಲ" ಎಂಬ ಇಂಜಿನಿಯರ್ ದನಿ ಅರೆನಿದ್ದೆಯಲ್ಲಿ ಬಂತು.

"ಮುಚ್ಚಿರೋದು ಪುಸ್ತಕದಲ್ಲಿ ಸ್ವಾಮಿ" ಎಂದರು ಖಾದರ್ ಸಾಹೇಬರು. "ಏಳೂ ತೆರೆದಿವೆ. ಹತ್ತಿರ ಇರೋರು ಹೋಗಿ ನೋಡಿ. ಕಾಲು ಜೋಪಾನ."

ಬೀದಿಬೀದಿಯಲ್ಲಿ ಟಾರ್ಚುಗಳು ಹೊರಬಿದ್ದವು. ಕುಮುದಾ ಬರಿಗಾಲಲ್ಲಿ ಮುಂದೆ ಓಡುತ್ತಿದ್ದಳು, ನಾನು ಹಿಂದೆ. ಒಂದೊಂದೇ ಗುಂಡಿಯಿಂದ ಇಲ್ಲ, ಇಲ್ಲ ಎಂದು ಬರುತ್ತಿತ್ತು. ಆಮೇಲೆ ಏದುಸಿರಿನ ಒಂದು ದನಿ: "ಇಲ್ಲಿದೆ."

"ಇಲ್ಲಿ ಅಂದ್ರೆ ಎಲ್ಲಿ?" ಎಂದು ಊರು ಕೇಳಿತು.

"ನಮ್ಮನೆ ಹಿಂದಿನ ಗುಂಡೀಲಿ. ನಾನು, ಜವರಪ್ಪ."

"ಗುಂಡಿ ಪಕ್ಕದಲ್ಲಾ ಸಾರ್?"

"ಒಳಗೆ. ಇಳಿದುಬಿಟ್ಟಿದೀನಿ. ಹತ್ತೋಕಾಗ್ತಿಲ್ಲ."

ಬೆಲ್ಲ ಮತ್ತೆ ಅಳತೊಡಗಿತ್ತು. ಅಧ್ಯಕ್ಷರು ಅದನ್ನು ಎತ್ತಿ ಎದೆಗವಚಿಕೊಂಡಿರಬೇಕು, ಬನಿಯನ್ನಿಗೆ ಉಗುರು ಸಿಕ್ಕಿ ಪರಚಿದ ಸದ್ದು ಕೇಳಿಸಿತು. ಅವರು ಪಾಪ ಸಮಾಧಾನ ಮಾಡಲೆಂದು, "ಶ್‌ಶ್, ಶ್‌ಶ್, ಅಳಬಾರ್ದು ಮಗಾ, ಶ್‌ಶ್‌ಶ್" ಎಂದರು.

ಬೆಲ್ಲ ಕಲಿತ ಪಾಠ ಮರೆಯುವ ಮರಿಯಲ್ಲ. ಅಧ್ಯಕ್ಷರ ಬನಿಯನ್ನಿನ ಮೇಲೆಯೇ ಒಪ್ಪಿಸಿತು. ಊರಿನವರ ಕತೆ ಹೇಳುವುದೇ ಬೇಡ. ಓಡಿಬರುತ್ತಿದ್ದ ಟಾರ್ಚುಗಳಲ್ಲಿ ಅರ್ಧ ತಿರುಗಿ ಮನೆಯ ಕಡೆ ಓಡಿದವು. ಮನೆ ದೂರವಾದವರು ಬೇಲಿಯ ಮರೆ ಹುಡುಕಿದರು. ಔಷಧಿ ಅಂಗಡಿಯವರು ಕಾಲು ಹೆಣೆದುಕೊಂಡು ದೀಪದ ಕಂಬ ಹಿಡಿದು ನಿಂತಿದ್ದನ್ನು ನಾನೇ ಕಂಡೆ.

ಖಾದರ್ ಸಾಹೇಬರು ಹಗ್ಗ ತಂದು ಜವರಪ್ಪನವರನ್ನು ಮೇಲೆಳೆದರು. ಪಟ್ಟೆ ಚಡ್ಡಿ, ಮೈಯೆಲ್ಲ ಮಣ್ಣು, ಬನಿಯನ್ ಒದ್ದೆ. ಕುಮುದಾ ಮರಿಯನ್ನು ಈಸಿಕೊಂಡು ಸೆರಗಲ್ಲಿ ಸುತ್ತಿಕೊಂಡಳು.

"ಬನಿಯನ್ ಕೊಡಿ ಸಾರ್, ಒಗೆದು ಕಳಿಸ್ತೀನಿ" ಎಂದಳು.

"ಅದಿರಲಿ ಬಿಡಮ್ಮ. ಮುಂಗಾಲು ಎತ್ತಿಕೊಂಡೇ ಇತ್ತು, ಉಳುಕಿದೆಯೇನೋ ನೋಡು ಮೊದಲು." ಹಾಗೆಂದು, ಮರಿಯ ತಲೆ ಸವರಿ ಹೇಳಿದರು: "ಕತ್ತಲಲ್ಲಿ ಒಂದೇ ಇತ್ತಲ್ಲಮ್ಮ. ತುಂಬಾ ನಡುಗ್ತಿತ್ತು."

ಮನೆಗೆ ಬರುವ ದಾರಿಯುದ್ದಕ್ಕೂ ಕುಮುದಾ ಮರಿಯ ಮುಂಗಾಲನ್ನು ಮೆಲ್ಲಗೆ ಒತ್ತಿ ನೋಡುತ್ತಿದ್ದಳು. ನಮ್ಮ ಬೀದಿಗೆ ತಿರುಗಿದಾಗ, "ಬೆಳಿಗ್ಗೆ ಐದೂಕಾಲಿಗೆ ಇದೆ ನಿಮಗೆ" ಎಂದಳು. ಎಲ್ಲೋ ಒಂದು ಮನೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಮಾರನೇ ದಿನ ಊರೆಲ್ಲ ತೂಕಡಿಸುತ್ತಿತ್ತು. ಸಭೆಯಲ್ಲಿ ಮೊದಲ ವಿಷಯವಾಗಿ, "ಈಗಾಗಲೇ ಮುಚ್ಚಲಾಗಿರುವ ಏಳು ಗುಂಡಿಗಳನ್ನು ಮತ್ತೊಮ್ಮೆ ಮುಚ್ಚುವ ಬಗ್ಗೆ" ತೀರ್ಮಾನವಾಯಿತು. ಒಬ್ಬ ಸದಸ್ಯರು ಹದಿನೈದು ದಿನದ ಗಡುವು ಇವತ್ತಿಗೆ ಮುಗಿಯಿತು, ಹೊಸ ಸೇರ್ಪಡೆ ವಿಚಾರ ಏನು ಎಂದು ಕೇಳಿದರು. ಜವರಪ್ಪನವರ ಕತ್ತಿನ ಕೆಳಗೆ ಎರಡು ಪರಚು ಗಾಯ ಕಾಣುತ್ತಿದ್ದವು.

"ಸೇರಿದ್ದು ಸೇರಿಯಾಯ್ತಲ್ರೀ" ಎಂದರು. "ಮುಂದಿನ ವಿಷಯ ತಗೊಳ್ಳಿ."

ನಾನು ಹಳೆಯ ಪುಟ ತೆಗೆದು ಆ ಸಾಲಿನ ಮೇಲೆ ಕಾಟು ಹೊಡೆದೆ. ಇಪ್ಪತ್ತಮೂರು ವರ್ಷದಲ್ಲಿ ನನ್ನ ಪುಸ್ತಕದಲ್ಲಿ ಅದೇ ಮೊದಲ ಕಾಟು. ಗುಂಡಿ ಮುಚ್ಚುವವರು ಬಂದಾಗ ಕುಮುದಾ ಅಡ್ಡ ನಿಂತು, ಎರಡು ಬುಟ್ಟಿ ಮಣ್ಣು ನಮ್ಮ ಮನೆಯ ಮುಂದೆಯೇ ಬಿಡಿಸಿಕೊಂಡಳು.

ಬೆಲ್ಲದ ಕಾಲು ವಾರದಲ್ಲಿ ಸರಿಹೋಯಿತು. ಸಂಕ್ರಾಂತಿಯ ಹೊತ್ತಿಗೆ ಅದಕ್ಕೆ ನಾನು ಬೇಕಾಗಿರಲಿಲ್ಲ. ಒಂದು ರಾತ್ರಿ ಎರಡಕ್ಕೆ ತಾನೇ ಎದ್ದು, ಬಾಗಿಲ ಬಳಿ ಹೋಗಿ, ತಿರುಗಿ ಕುಮುದಾಳನ್ನು ನೋಡಿತು. ಅವಳು ಚಿಲಕ ತೆಗೆದಳು. ಅದು ಗುಡ್ಡೆಯವರೆಗೆ ಹೋಗಿ, ಮುಗಿಸಿ, ಮೈ ಕೊಡವಿ, ವಾಪಸು ಬಂದು ಬುಟ್ಟಿಯಲ್ಲಿ ಸುರುಳಿ ಸುತ್ತಿಕೊಂಡಿತು. ಎಲೆ ಅಲುಗಿದಷ್ಟೂ ಸದ್ದಿಲ್ಲ. ಅವಳು ಬಂದು ಮಲಗಿ ಕೈ ಕೆಳಗೆ ಇಳಿಬಿಟ್ಟಳು. ನಾನು ಕಣ್ಣು ಮುಚ್ಚುವುದರಲ್ಲಿದ್ದೆ.

ಆಗ ಯಾವುದೋ ಮನೆಯಿಂದ ಒಂದು ದನಿ, ಇಷ್ಟು ಹೊತ್ತು ಎದ್ದು ಕೂತು ಕಾಯುತ್ತಿದ್ದವರ ದನಿ, ಮೆಲ್ಲಗೆ ಕೇಳಿತು: "ಆಯ್ತಾ?"

ಕುಮುದಾ ಬುಟ್ಟಿಯೊಳಗೆ ಕೈಯಾಡಿಸಿ ನೋಡಿ, ಕತ್ತಲಿಗೇ ಉತ್ತರ ಕೊಟ್ಟಳು.

"ಆಯ್ತು. ಮಲಕ್ಕೊಳ್ಳಿ."

ಊರಿನ ತುಂಬ ಮಂಚಗಳು ಒಂದೊಂದಾಗಿ ಕಿರುಗುಟ್ಟಿದವು. ಎಲ್ಲರೂ ಮಗ್ಗಲು ಬದಲಿಸಿ ಮಲಗಿದರು.